ಜೂ ಪಾರ್ಕನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬೇಡಿ ಅಣ್ಣಾರೆ

ಸೇಡಂ ಅಣ್ಣಾರೆ, ನಿಮ್ಮ ಹೈದರಾಬಾದ್ ಪ್ಲಾನ್ ಓದಿ ಸುಮ್ನೆ ಇರಲು ಆಗಲಿಲ್ಲ. ಮೇ ತಿಂಗಳು, ಸೋಮವಾರ. ಏಳಕ್ಕೆ ಮನೆ ಬಿಟ್ಟು ಹನ್ನೊಂದಕ್ಕೆ ಚಾರ್‌ಮಿನಾರ್, ಒಂದಕ್ಕೆ ಬಿರಿಯಾನಿ, ಎರಡಕ್ಕೆ ಜೂ ಪಾರ್ಕ್. ಆರು ಜನ, ಅದರಲ್ಲಿ ಇಬ್ಬರು ಮಕ್ಕಳು, ಮೊಣಕಾಲು ನೋವಿನ ಅವ್ವ. ಕೆಳಗೆ ಎಲ್ಲರೂ "ಸೂಪರ್" ಅಂತ ಹಾಕಿದ್ದಾರೆ. ಅವರಲ್ಲಿ ಮೇ ತಿಂಗಳಲ್ಲಿ ಹೋಗಿ ಬಂದವರು ಒಬ್ಬರಾದರೂ ಇದ್ದಾರಾ?

ಮೊದಲು ಇದು ಕೇಳಿ. ಸೋಮವಾರ ಹೈದರಾಬಾದ್ ಜೂ ಬಂದ್. ಮೈಸೂರು, ಬನ್ನೇರುಘಟ್ಟಕ್ಕೆ ಮಂಗಳವಾರ ರಜೆ. ಅದನ್ನೇ ತಲೆಯಲ್ಲಿಟ್ಟುಕೊಂಡು ನಮ್ಮ ಕಡೆಯವರು ಸೋಮವಾರ ಹೋಗಿ ಬರೀ ಗೇಟ್ ನೋಡಿ ಬರುತ್ತಾರೆ. ಸಾಲಾರ್ ಜಂಗ್ ಮ್ಯೂಸಿಯಂ ಶುಕ್ರವಾರ ಬಂದ್. ಭಾನುವಾರ ಜಾತ್ರೆ. ರಜೆ ಹಾಕುವುದಾದರೆ ಮಂಗಳ, ಬುಧ, ಗುರುವಾರದಲ್ಲಿ ಒಂದು ದಿನ ಹಾಕಿ.

ಇನ್ನು ಮಧ್ಯಾಹ್ನದ ವಿಷಯ. 2016ರಲ್ಲಿ ನಾವೂ ನಿಮ್ಮ ಹಾಗೆಯೇ ಹೋದೆವು. ಮೊದಲು ಚಾರ್‌ಮಿನಾರ್, ಆಮೇಲೆ ಹೊಟ್ಟೆ ಬಿರಿಯ ಬಿರಿಯಾನಿ, ಎರಡಕ್ಕೆ ಜೂ. ಆ ಜಾಗ ಸುಮಾರು 380 ಎಕರೆ. ಒಳಗೆ ಹೋದ ಮೇಲೆ ಅದು ಗೊತ್ತಾಗುವುದು ಕಾಲಿಗೆ. ಹುಲಿ ಅಂತ ಮಕ್ಕಳು ಓಡಿದರು. ಕಂಡದ್ದು ಪೊದೆಯ ಹಿಂದೆ ಒಂದು ಕಿವಿ. ಸಿಂಹ ನಾಲ್ಕೂ ಕಾಲು ಚೆಲ್ಲಿ ಮಲಗಿತ್ತು. ಸಣ್ಣವನು "ಸತ್ತದಾ?" ಅಂತ ಕೇಳಿದ. ಟಾಯ್ ಟ್ರೈನ್ ಸಾಲಿನಲ್ಲಿ ಅದೇ ಬಿರಿಯಾನಿ ಕಕ್ಕಿದ. ದೊಡ್ಡವಳಿಗೆ ಹೊಸ ಚಪ್ಪಲಿ ಕಚ್ಚಿತು. ಅತ್ತೆ ಒಂದು ಮರದ ಕಟ್ಟೆ ಮೇಲೆ ಕೂತವರು ಏಳಲೇ ಇಲ್ಲ. ನಮ್ಮ ಯಜಮಾನರಿಗೂ ನನಗೂ ಆ ಬಿಸಿಲಲ್ಲೇ ಜಗಳ. ನಾಲ್ಕೂವರೆಗೆ ಸಾಕಾಗಿ ಹೊರಗೆ ಬಂದೆವು. ಪಾರ್ಕಿಂಗ್‌ನಲ್ಲಿ ಕಾರಿನ ಬಾಗಿಲು ತೆಗೆಯುವಾಗ ಒಳಗಿಂದ ಸಿಂಹ ಗುಡುಗಿತು. ನಾವು ಹೊರಟ ಮೇಲೆ ಅದು ಎದ್ದಿತ್ತು!

ತಪ್ಪು ಪ್ರಾಣಿಯದ್ದಲ್ಲ. ಸಿಂಹ ದಿನಕ್ಕೆ 20 ತಾಸಿನವರೆಗೂ ಬಿದ್ದುಕೊಂಡೇ ಇರುತ್ತದೆ. ಓಡಾಡುವುದು ತಂಪಿನಲ್ಲಿ. ನಮ್ಮ ಎಮ್ಮೆಗಳೂ ಮಧ್ಯಾಹ್ನ ಹೊಂಡ ಬಿಟ್ಟು ಏಳುತ್ತವಾ? ಇದು ಗೊತ್ತಿದ್ದೂ ನಾವು ಎರಡು ಗಂಟೆಗೆ ಹೋಗಿ ಹುಲಿ ಕುಣಿಯಲಿ ಅಂತ ನಿಲ್ಲುತ್ತೇವೆ.

ಆಮೇಲೆ ಒಂದು ಜನವರಿಯಲ್ಲಿ ಮತ್ತೆ ಹೋದೆವು. ಆಗ ಮಾಡಿದ್ದು ಹೇಳುತ್ತೇನೆ. ಹಿಂದಿನ ರಾತ್ರಿಯೇ ಹೋಗಿ ಜೂಗೆ ಹತ್ತಿರದ ಅರಾಂಘರ್ ಕಡೆ ಲಾಡ್ಜ್ ಹಿಡಿದೆವು. ಊರ ಮಧ್ಯದ ಅಬಿಡ್ಸ್ ಕಡೆ ಹಿಡಿದರೆ ಬೆಳಗ್ಗೆ ಟ್ರಾಫಿಕ್ಕಿನಲ್ಲೇ ಒಂದು ತಾಸು. ಎಂಟೂವರೆಗೆ ಟಿಕೆಟ್ ಕೌಂಟರ್ ಮುಂದೆ. ಮನೆಯಲ್ಲೇ ಒಬ್ಬೊಬ್ಬರಿಗೆ ಒಂದು ಪ್ರಾಣಿ ಅಂತ ಚೀಟಿ ಬರೆಸಿದ್ದೆ. ಆರು ಜನ, ಆರು ಪ್ರಾಣಿ, ಅಷ್ಟೇ. ಆ ಆರರ ಮುಂದೆ ಇಪ್ಪತ್ತು ನಿಮಿಷ ಕೂರಬೇಕು, ಉಳಿದದ್ದು ದಾರಿಯಲ್ಲಿ ಕಂಡರೆ ಕಂಡಿತು. ಇದು ನನ್ನ ನಿಯಮ, ಯಾರು ನಕ್ಕರೂ ಬಿಡುವುದಿಲ್ಲ. ಎಲ್ಲಾ ನೋಡಬೇಕು ಅಂತ ಹೋದವರು ಏನೂ ನೋಡುವುದಿಲ್ಲ, ಬರೀ ಬೋರ್ಡ್ ಓದಿ ಬರುತ್ತಾರೆ.

ಹುಲಿ, ಸಿಂಹ, ಸಫಾರಿ ಹತ್ತೂವರೆ ಒಳಗೆ ಮುಗಿಸಿ. ಗೇಟ್ ದಾಟಿದ ಕೂಡಲೇ ಮಕ್ಕಳು ಮೊದಲ ಪಂಜರಕ್ಕೇ ಅಂಟಿಕೊಳ್ಳುತ್ತಾರೆ, ಎಳೆದುಕೊಂಡು ಹೋಗಿ. ಮಧ್ಯಾಹ್ನ ನೆರಳಲ್ಲಿ ಬುತ್ತಿ ಬಿಚ್ಚಿ. ಆಮೇಲೆ ನಿಶಾಚರ ಪ್ರಾಣಿಗಳ ಮನೆ. ಅಲ್ಲಿ ಹಗಲು ಕತ್ತಲೆ, ರಾತ್ರಿ ಲೈಟ್ ಹಾಕಿ ಪ್ರಾಣಿಗಳಿಗೆ ದಿನವನ್ನೇ ತಿರುವುಮುರುವು ಮಾಡಿರುತ್ತಾರೆ. ಹೊರಗಿನವು ಮಲಗಿದಾಗ ಇವು ಎದ್ದಿರುತ್ತವೆ. ಕಣ್ಣು ಕತ್ತಲೆಗೆ ಹೊಂದಲು ಐದು ನಿಮಿಷ ನಿಲ್ಲಿ. ಮೊಬೈಲ್ ಟಾರ್ಚ್ ಹಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೂರೂವರೆ ಮೇಲೆ ಆನೆ, ನೀರಾನೆ.

ಅತ್ತೆಯ ಚೀಟಿಯಲ್ಲಿ ಏನಿತ್ತು ಗೊತ್ತಾ? ಮೊಸಳೆ. ಅವರ ತವರು ಭೀಮಾ ದಂಡೆ, ಸಣ್ಣವರಿದ್ದಾಗ ಹೊಳೆಯಲ್ಲಿ ನೋಡಿದ್ದರಂತೆ. ಮೊಸಳೆ ಬಾಯಿ ತೆಗೆದು ಕಲ್ಲಿನಂತೆ ಬಿದ್ದಿತ್ತು. ಮಕ್ಕಳು ಅದು ಬೊಂಬೆ ಅಂದರು. "ಬಿಸಿಲಾಗ ಬಾಯಿ ತೆಗದು ಝಳಾ ಹೊರಗ ಬಿಡ್ತದ, ನಾಯಿ ನಾಲಗಿ ಬಿಟ್ಟಂಗ" ಅಂತ ಅತ್ತೆ ಹೇಳಿದರು. ಸರಿಯಾದ ಮಾತೇ. ಮೊದಲ ಸಲ ಅವರು ಖುಷಿಯಿಂದ ನೋಡಿದ್ದು ಗಾಲಪಗೋಸ್ ಆಮೆ ಒಂದನ್ನೇ. ನೂರು ದಾಟಿದೆ ಅಂದಾಗ "ಹಂಗಾದ್ರ ಇದು ನಿಜಾಮನ ಕಾಲದ್ದು, ನಮಗಿಂತ ಹಿರೇದು" ಅಂದಿದ್ದರು. 2024ರಲ್ಲಿ ಅದು ತೀರಿಕೊಂಡಿತು, ಸುಮಾರು 125 ವರ್ಷ ಅಂತ ಪೇಪರಿನಲ್ಲಿ ಬಂದಿತ್ತು.

ನಿಮ್ಮ ಅವ್ವನಿಗೆ ಬ್ಯಾಟರಿ ಗಾಡಿ ಟಿಕೆಟ್ ಮೊದಲೇ ತೆಗೆಯಿರಿ, ಮಧ್ಯದಲ್ಲಿ ಅಂತ ಮುಂದೂಡಬೇಡಿ. ಒಂದು ಮಡಚುವ ಸ್ಟೂಲ್ ಇರಲಿ. ನೀರಿಗೆ ಮಿಲ್ಟನ್ ಸ್ಟೀಲ್ ಬಾಟಲಿಯೇ ಸೈ, ಎರಡು ಲೀಟರಿನದ್ದು ಬೇಡ, ಒಂದೊಂದು ಲೀಟರಿನದ್ದು ಎರಡು. ಹೊರುವವರು ನೀವೇ ತಾನೇ? ಪ್ಲಾಸ್ಟಿಕ್ ಕವರ್ ಒಯ್ಯಬೇಡಿ. ಎಲೆಕ್ಟ್ರಾಲ್ (ಓಆರ್‌ಎಸ್) ಪುಡಿ ದೊಡ್ಡ ಪ್ಯಾಕೆಟ್ ಇಡಿ. ಅದು ಪೂರ್ತಿ ಒಂದು ಲೀಟರ್ ನೀರಿಗೆ, ಅರ್ಧ ಗ್ಲಾಸಿಗೆ ಸುರಿದು ಕುಡಿಸಬೇಡಿ. ಡಬ್ಬಿಯಲ್ಲಿ ಬರುವ ಸಿಹಿ ಜ್ಯೂಸ್ ಅದರ ಬದಲಿಗೆ ಆಗುವುದಿಲ್ಲ. ಹೊಸ ಚಪ್ಪಲಿ ಅಂತೂ ಬೇಡವೇ ಬೇಡ, ಹಳೆಯ ಪ್ಯಾರಗಾನ್ ಸಾಕು.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಮೊಸರನ್ನ ಮೇ ತಿಂಗಳಲ್ಲಿ ಹನ್ನೊಂದಕ್ಕೇ ಹುಳಿ ಬರುತ್ತದೆ. ಹಾಲು ಜಾಸ್ತಿ, ಹೆಪ್ಪು ಕಮ್ಮಿ ಹಾಕಿ ಕಲಸಿದರೆ ಮಾತ್ರ ನಡೆಯುತ್ತದೆ. ಬಿರಿಯಾನಿ ರಾತ್ರಿ ತಿನ್ನಿ.

ಮೇಲೆ ಒಬ್ಬರು ಜಿಂಕೆಗೆ ಹಾಕಲು ಶೇಂಗಾ ಒಯ್ಯಿರಿ ಅಂದಿದ್ದಾರೆ. ಅಕ್ಕಾರೆ, ಬೇಸರ ಮಾಡಿಕೊಳ್ಳಬೇಡಿ, ಅದು ತಪ್ಪು. 1972ರ ವನ್ಯಜೀವಿ ಕಾಯ್ದೆಯ 38ಜೆ ಕಲಮಿನ ಪ್ರಕಾರ ಜೂ ಪ್ರಾಣಿಗೆ ತಿನ್ನಿಸುವುದು, ಕೆಣಕುವುದು ಎರಡೂ ಅಪರಾಧ. ಮಕ್ಕಳ ಮುಂದೆ ಕಲ್ಲು ಎಸೆಯುವ ದೊಡ್ಡವರನ್ನೂ ನೋಡಿದ್ದೇನೆ.

ದಾರಿ: ನಿಮಗೆ ಕೊಡಂಗಲ್, ಪರಿಗಿ, ಚೇವೆಳ್ಳ, ಅಲ್ಲಿಂದ ಅರಾಂಘರ್. 2025ರ ಜನವರಿಯಿಂದ ಅರಾಂಘರ್–ಜೂ ಪಾರ್ಕ್ ಫ್ಲೈಓವರ್ ಶುರುವಾಗಿದೆ, ಸುಮಾರು ನಾಲ್ಕು ಕಿಲೋಮೀಟರ್, ಮೊದಲಿನ ಒದ್ದಾಟ ಇಲ್ಲ. ಚೇವೆಳ್ಳ ದಾರಿಯ ಆಲದ ಮರಗಳ ಕೆಳಗೆ ಚಹಾಕ್ಕೆ ನಿಲ್ಲಿ. ರಸ್ತೆ ಅಗಲ ಮಾಡುವಾಗ ಕಡಿಯಬಾರದು ಅಂತ ಹಸಿರು ಪೀಠದವರೆಗೆ ಹೋದ ಮರಗಳು ಅವು. ಬೀದರಿನವರು ಜಹೀರಾಬಾದ್ ಹೆದ್ದಾರಿಯಲ್ಲಿ ಬಂದು ಪಟಾನ್‌ಚೆರು ಹತ್ತಿರ ಹೊರ ವರ್ತುಲ ರಸ್ತೆ ಹತ್ತಿಬಿಡಿ, ಊರೊಳಗೆ ಹೋಗಬೇಡಿ.

ಚಾರ್‌ಮಿನಾರ್ ಸಂಜೆ ನೋಡಿ, ಲಾಡ್ ಬಜಾರಿನ ಬಳೆಗಳೂ ಲೈಟಿನಲ್ಲೇ ಚಂದ. ಆದರೆ ಅದೇ ರಾತ್ರಿ ಡ್ರೈವ್ ಮಾಡಿ ವಾಪಸ್ ಬರುವುದು ಬೇಡ. ದುಡ್ಡು ಉಳಿಸಬೇಕಾದರೆ ಚಾರ್‌ಮಿನಾರ್ ಬಿಡಿ, ಅದು ಎಲ್ಲಿಗೂ ಹೋಗುವುದಿಲ್ಲ. ಆಗುವುದಾದರೆ ಮೇ ಬಿಟ್ಟು ದಸರಾ ರಜೆಗೋ ಡಿಸೆಂಬರಿಗೋ ಹಾಕಿಕೊಳ್ಳಿ.

ಸ್ಟೂಲ್ ಕೊಳ್ಳುವುದು ಬೇಡ, ನಮ್ಮದಿದೆ. ಕಲಬುರಗಿಗೆ ಬಂದಾಗ ಸೂಪರ್ ಮಾರ್ಕೆಟ್ ಹತ್ತಿರ ಬಂದು ಒಂದು ಫೋನ್ ಮಾಡಿ. ವಾಪಸ್ ಮಾತ್ರ ಕೊಡಿ. ಹೋದ ಸಲ ಈ ಗುಂಪಿನವರೇ ಒಬ್ಬರು ಒಯ್ದ ಥರ್ಮೋಸ್ ಇನ್ನೂ ಬಂದಿಲ್ಲ, ಹೆಸರು ಹೇಳುವುದಿಲ್ಲ.