ಜ್ವರದ ಜೊತೆ ಒರಟು ದದ್ದು: ಸ್ಕಾರ್ಲೆಟ್ ಫೀವರ್ ಇರಬಹುದು

ಮಗಳಿಗೆ ಜ್ವರ, ಗಂಟಲುನೋವು, ಆಮೇಲೆ ಸ್ಯಾಂಡ್‌ಪೇಪರ್‌ನಂಥ ದದ್ದು, ಇದೇನಿರಬಹುದು ಅಂತ ಕೇಳಿದ್ದೀರಿ. ಇದು ಸ್ಕಾರ್ಲೆಟ್ ಫೀವರ್ ಇರುವ ಸಾಧ್ಯತೆಯೇ ಜಾಸ್ತಿ. ಅವಳ ನಾಲಿಗೆ ನೋಡಿ: ಕೆಂಪಗೆ, ಚುಕ್ಕಿಚುಕ್ಕಿಯಾಗಿ ಉಬ್ಬಿದೆಯಾ? ನಮ್ಮ ಮೈಬಣ್ಣದಲ್ಲಿ ದದ್ದಿನ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಹೊಟ್ಟೆ ಮೇಲೆ ಕೈಯಾಡಿಸಿದರೆ ಗೊತ್ತಾಗುತ್ತದೆ.

ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ, ಗಂಟಲಿನ ಸ್ವಾಬ್ ಟೆಸ್ಟ್ (ಹತ್ತಿಕಡ್ಡಿಯಿಂದ ಗಂಟಲಿನ ದ್ರವ ತೆಗೆದು ಮಾಡುವ ಪರೀಕ್ಷೆ) ಬಗ್ಗೆ ಕೇಳಿ. ದಡಾರವೋ ಇದೋ ಅಂತ ಇಲ್ಲಿ ಕೂತು ಖಚಿತವಾಗಿ ಹೇಳಲಾಗದು. ಸ್ಟ್ರೆಪ್ (ಸ್ಕಾರ್ಲೆಟ್ ಫೀವರ್ ತರುವ ಬ್ಯಾಕ್ಟೀರಿಯಾ) ಅಂತಾದರೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಕೊಡುತ್ತಾರೆ, ಸಾಮಾನ್ಯವಾಗಿ 10 ದಿನ. ಅಲರ್ಜಿ ಇದ್ದರೆ ಮೊದಲೇ ಹೇಳಿ. ಮಗು ಚುರುಕಾಯಿತು ಅಂತ ಸುಮ್ನೆ ಮಧ್ಯೆ ನಿಲ್ಲಿಸಬೇಡಿ. ಮುಂದೆ ರುಮ್ಯಾಟಿಕ್ ಜ್ವರ ಬಂದು ಹೃದಯಕ್ಕೆ ತೊಂದರೆಯಾಗಬಹುದು. ಜ್ವರಕ್ಕೆ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್, ಆಸ್ಪಿರಿನ್ ಬೇಡವೇ ಬೇಡ. ಆಂಟಿಬಯಾಟಿಕ್ ಶುರುವಾಗಿ 24 ಗಂಟೆ ಕಳೆದು ಜ್ವರವೂ ಬಿಟ್ಟ ಮೇಲೆ ಶಾಲೆಗೆ ಕಳಿಸಿ. ನೀರೂ ನುಂಗಲಾಗದಿದ್ದರೆ, ಉಸಿರಿಗೆ ಕಷ್ಟವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.