ಲಂಡನ್‌ನ ಸಿಟಿ ಲಿಟ್ ಕಾಲೇಜಿನಲ್ಲಿ ಸಾಹಿತ್ಯ ಮಾತ್ರ ಕಲಿಸುತ್ತಾರಾ? ಇಲ್ಲದಿದ್ದರೆ ಹೆಸರಲ್ಲಿ 'ಲಿಟ್' ಯಾಕೆ?

ಇಲ್ಲ, ಸಾಹಿತ್ಯ ಅಲ್ಲಿನ ಹತ್ತಾರು ವಿಷಯಗಳಲ್ಲಿ ಒಂದು ಅಷ್ಟೇ. ಭಾಷೆ, ನಾಟಕ, ಸಂಗೀತ, ಚಿತ್ರಕಲೆ, ಇತಿಹಾಸ ಎಲ್ಲವೂ ಇವೆ. 'ಲಿಟ್' ಅನ್ನೋದು 'ಲಿಟರರಿ' ಪದದ ತುಂಡು. ಕಾಲೇಜಿನ ಪೂರ್ತಿ ಹೆಸರು ಸಿಟಿ ಲಿಟರರಿ ಇನ್‌ಸ್ಟಿಟ್ಯೂಟ್.

ಆ ಪದ ಬಂದ ಕಾರಣ ಹೀಗೆ. ಸುಮಾರು ನೂರು ವರ್ಷದ ಹಿಂದೆ ದುಡಿಯುವವರಿಗೆ ಸಂಜೆ ತರಗತಿಗಳು ಇದ್ದವು. ಆದರೆ ಕಸುಬು, ಲೆಕ್ಕಪತ್ರದಂಥ ಹೊಟ್ಟೆಪಾಡಿನ ವಿದ್ಯೆಗೇ ಅವುಗಳಲ್ಲಿ ಒತ್ತು ಜಾಸ್ತಿ. ಸುಮ್ನೆ ಆಸಕ್ತಿಗಾಗಿ ಕಲಿಯಬೇಕು ಅನ್ನುವವರೂ ಇರ್ತಾರಲ್ವಾ? ಅಂಥವರಿಗೆಂದೇ ಆಗ ಲಂಡನ್ನಿನ ಆಡಳಿತ ನೋಡುತ್ತಿದ್ದ ಲಂಡನ್ ಕೌಂಟಿ ಕೌನ್ಸಿಲ್ 1919ರಲ್ಲಿ 'ಲಿಟರರಿ' ಸಂಸ್ಥೆಗಳನ್ನು ಶುರುಮಾಡಿತು. ಅವುಗಳಲ್ಲಿ ಸಿಟಿ ಲಿಟ್ ಕೂಡ ಒಂದು. ಹಾಗಾಗಿ ಇಲ್ಲಿ ಆ ಪದಕ್ಕೆ 'ಕಥೆ, ಕವಿತೆ' ಅನ್ನುವುದಕ್ಕಿಂತ 'ಕೆಲಸದ ತರಬೇತಿ ಅಲ್ಲ' ಅನ್ನುವ ಅರ್ಥವೇ ಹತ್ತಿರ.

ಕೋರ್ಸುಗಳು ಅರೆಕಾಲಿಕ ಆಗಿರುವುದಕ್ಕೂ ಇದೇ ಮೂಲ. ಬರುವವರು ವಯಸ್ಕರು, ಹೆಚ್ಚಿನವರಿಗೆ ಕೆಲಸ, ಮನೆ ಎರಡೂ ಇರುತ್ತವೆ. ಡಿಗ್ರಿಗೆ ಸೇರಿದಂತೆ ವರ್ಷಗಟ್ಟಲೆ ಕಟ್ಟುಬೀಳಬೇಕಿಲ್ಲ, ಬೇಕಾದ ಒಂದೇ ಕೋರ್ಸಿಗೆ ಸೇರಬಹುದು. ನನಗೆ ತುಂಬಾ ಹಿಡಿಸಿದ್ದು ಬೇರೆ: ಕಿವಿ ಮಂದವಾದವರಿಗೆ ಅಲ್ಲಿ ತುಟಿಯ ಚಲನೆ ನೋಡಿ ಮಾತು ಗುರುತಿಸುವುದನ್ನೂ ಕಲಿಸುತ್ತಾರೆ.