ಫೇರ್‌ಫ್ಯಾಕ್ಸ್ ಕೌಂಟಿ ಪಾರ್ಕ್‌ಗಳಲ್ಲಿ ಸ್ಪ್ರಿಂಗ್‌ನಲ್ಲಿ ಏನೇನು ನಡೆಯುತ್ತದೆ? ಊರಿಂದ ಬರುವ ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗಬಹುದು?

ವರ್ಜೀನಿಯಾಕ್ಕೆ ಬಂದು ನಾಲ್ಕೇ ತಿಂಗಳಾಗಿದೆ, ಏಪ್ರಿಲ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಾರೆ, 7 ವರ್ಷದ ಮಗಳಿದ್ದಾಳೆ, ಕೌಂಟಿ ಪಾರ್ಕ್‌ನವರ ಸ್ಪ್ರಿಂಗ್ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ, ಯಾವುದಕ್ಕೆ ಹೋಗಬೇಕು ಅಂತ ಕೇಳಿದ್ದೀರಿ. ನಾನು ಫೇರ್‌ಫ್ಯಾಕ್ಸ್‌ನಲ್ಲಿ 11 ವರ್ಷದಿಂದ ಇದ್ದೇನೆ. ನಮ್ಮಪ್ಪ ಅಮ್ಮ ಸಾಗರದ ಕಡೆಯವರು, ಎರಡು ಸಲ ಇದೇ ಹೊತ್ತಿಗೆ ಬಂದು ಹೋಗಿದ್ದಾರೆ. ಹಾಗಾಗಿ ಗೊತ್ತಿದ್ದಷ್ಟು ಹೇಳುತ್ತೇನೆ.

ಮೊದಲನೇ ಸಲಹೆ: ಕಳೆ ಕೀಳೋಕೆ ಕರೆದುಕೊಂಡು ಹೋಗಿ.

ನಗಬೇಡಿ. ಅಮೆರಿಕಕ್ಕೆ ಬಂದವರನ್ನು ಕಳೆ ಕೀಳಿಸೋದಾ ಅಂತ ನಮ್ಮ ಮನೆಯಲ್ಲೂ ಜಗಳ ಆಗಿತ್ತು. ಅದರ ಕಥೆ ಆಮೇಲೆ. ಮೊದಲು ಯಾವ ಪಾರ್ಕ್ ಯಾರದ್ದು ಅನ್ನೋದು ತಿಳಿದುಕೊಳ್ಳಿ, ಯಾಕೆಂದರೆ ಹೊಸಬರು ಎಡವುವುದೇ ಇಲ್ಲಿ.

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಅಂದುಕೊಳ್ಳಿ. ಇಲ್ಲಿನ ಪಾರ್ಕ್ ಅಥಾರಿಟಿ ಶುರುವಾಗಿದ್ದು 1950ರಲ್ಲಿ. ಈಗ ಅವರ ಕೈಲಿ 400ಕ್ಕೂ ಜಾಸ್ತಿ ಪಾರ್ಕ್‌ಗಳಿವೆ, ಒಟ್ಟು 23,000 ಎಕರೆಗೂ ಮೇಲೆ. ನಮ್ಮ ಲಾಲ್‌ಬಾಗ್ 240 ಎಕರೆ. ಲೆಕ್ಕ ನೀವೇ ಹಾಕಿ. ಆದರೆ ಊರಲ್ಲಿರುವ ಪಾರ್ಕ್ ಎಲ್ಲಾ ಇವರದ್ದಲ್ಲ. ಗ್ರೇಟ್ ಫಾಲ್ಸ್ ಕೇಂದ್ರ ಸರ್ಕಾರದ ನ್ಯಾಷನಲ್ ಪಾರ್ಕ್, ಕಾರಿಗೆ 20 ಡಾಲರ್ ಕೊಡಬೇಕು. ಅದಕ್ಕೆ ಅಂಟಿಕೊಂಡೇ, ಹೊಳೆಯ ಮೇಲ್ಗಡೆ ಇರುವ ರಿವರ್‌ಬೆಂಡ್ ಕೌಂಟಿಯದ್ದು, ದುಡ್ಡಿಲ್ಲ. ಅಲ್ಲಿಂದ ಪೊಟೊಮ್ಯಾಕ್ ಹೊಳೆಯ ದಡ ಹಿಡಿದು ನಡೆದರೆ ಗ್ರೇಟ್ ಫಾಲ್ಸೇ ಸಿಗುತ್ತದೆ. ಬುಲ್ ರನ್ ಪಾರ್ಕ್ ಮೂರನೆಯವರದ್ದು, ನೋವಾ ಪಾರ್ಕ್ಸ್ ಅಂತ, ಅದು ಹಲವು ಊರು ಮತ್ತು ಕೌಂಟಿಗಳು ಸೇರಿ ಮಾಡಿಕೊಂಡಿರುವ ಸಂಸ್ಥೆ. ಕೌಂಟಿಯವರ ಕಾರ್ಯಕ್ರಮಗಳೆಲ್ಲ 'ಪಾರ್ಕ್‌ಟೇಕ್ಸ್' ಅನ್ನೋ ಅವರ ಪುಸ್ತಕದಲ್ಲಿ ಇರುತ್ತವೆ.

ಈಗ ಕಳೆಯ ವಿಷಯ. ಮಾರ್ಚ್ ಕೊನೆಯಿಂದ ಮೇ ತನಕ ಹೆಚ್ಚುಕಡಿಮೆ ಪ್ರತಿ ಶನಿವಾರ ಒಂದಲ್ಲ ಒಂದು ಪಾರ್ಕ್‌ನಲ್ಲಿ ಹೊರದೇಶದಿಂದ ಬಂದು ಕಾಡು ತುಂಬಿಕೊಂಡಿರುವ ಗಿಡಗಳನ್ನು ತೆಗೆಯುವ ಸ್ವಯಂಸೇವೆಯ ಕೆಲಸ ಇರುತ್ತದೆ. ಗ್ಲೌಸ್, ಕತ್ತರಿ, ಚೀಲ ಅವರೇ ಕೊಡುತ್ತಾರೆ. ಎರಡು ಮೂರು ಗಂಟೆ ಕೆಲಸ. ಮುಂಚೆ ಹೆಸರು ಬರೆಸಬೇಕು. ಮಕ್ಕಳನ್ನು ಕರೆತರಬಹುದು, ಜೊತೆಗೆ ದೊಡ್ಡವರು ಇರಬೇಕು ಅಷ್ಟೇ. ಹೈಸ್ಕೂಲ್ ಹುಡುಗರು ಸರ್ವಿಸ್ ಅವರ್ಸ್‌ಗೋಸ್ಕರ, ಅಂದರೆ ಶಾಲೆಯಲ್ಲಿ ತೋರಿಸುವ ಸಮಾಜಸೇವೆಯ ಗಂಟೆಗಳಿಗೋಸ್ಕರ, ಬಂದಿರುತ್ತಾರೆ, ಅರ್ಧ ಜನ ಫೋನ್ ನೋಡುತ್ತಾ ನಿಂತಿರುತ್ತಾರೆ.

ಏಪ್ರಿಲ್‌ನಲ್ಲಿ ಮುಖ್ಯ ಶತ್ರು ಗಾರ್ಲಿಕ್ ಮಸ್ಟರ್ಡ್ ಅನ್ನೋ ಗಿಡ. ಮೊಣಕಾಲೆತ್ತರ ಬರುತ್ತದೆ, ಎಲೆಯ ಅಂಚು ಗರಗಸದ ಹಾಗೆ, ತುದಿಯಲ್ಲಿ ನಾಲ್ಕೇ ಎಸಳಿನ ಚಿಕ್ಕ ಬಿಳಿ ಹೂ. ಎಲೆ ಹಿಸುಕಿದರೆ ಘಮ್ ಅಂತ ಬೆಳ್ಳುಳ್ಳಿ ವಾಸನೆ. ಯುರೋಪಿನವರು ತಿನ್ನೋದಕ್ಕೆ ಅಂತ ತಂದಿದ್ದು. 1868ರಲ್ಲಿ ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್‌ನಲ್ಲಿ ಮೊದಲು ಕಂಡಿತು ಅಂತ ದಾಖಲೆ ಇದೆ. ಇಲ್ಲಿನ ಜಿಂಕೆಗಳು ಅದನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿರುವ ಇಲ್ಲಿಯದೇ ಗಿಡಗಳನ್ನೆಲ್ಲ ಮೇಯ್ದು ಇದನ್ನು ಬಿಟ್ಟುಹೋಗುತ್ತವೆ. ಇನ್ನೇನು, ಇಡೀ ಜಾಗ ಇದರದ್ದೇ. ಕೀಳುವಾಗ ಬುಡಕ್ಕೇ ಕೈ ಹಾಕಬೇಕು, ಬೇರು ಮಣ್ಣಿಗೆ ಇಳಿಯುವ ಕಡೆ ಕೊಂಕಿಕೊಂಡಿರುತ್ತದೆ, ಮೇಲೆ ಹಿಡಿದು ಜಗ್ಗಿದರೆ ಪಟ್ ಅಂತ ಕಡಿದು ಬೇರು ಒಳಗೇ ಉಳಿದು ಮತ್ತೆ ಚಿಗುರುತ್ತದೆ. ಕಿತ್ತಿದ್ದನ್ನು ಅಲ್ಲೇ ಬಿಸಾಡುವ ಹಾಗೂ ಇಲ್ಲ. ಹೂ ಬಿಟ್ಟ ಗಿಡ ನೆಲದ ಮೇಲೆ ಬಿದ್ದುಕೊಂಡೇ ಬೀಜ ಕಟ್ಟುತ್ತದೆ, ಆ ಬೀಜ ವರ್ಷಗಟ್ಟಲೆ ಮಣ್ಣಲ್ಲಿ ಕಾದಿರುತ್ತದೆ. ಅದಕ್ಕೇ ಚೀಲಕ್ಕೆ ತುಂಬಬೇಕು.

ನಮ್ಮಪ್ಪ ಮೊದಲನೇ ದಿನ ಬಂದಿದ್ದು ನನ್ನ ಒತ್ತಾಯಕ್ಕೆ. ಎರಡು ವಾರ ಅಪಾರ್ಟ್‌ಮೆಂಟ್‌ನಲ್ಲಿ ಕೂತು ಯೂಟ್ಯೂಬ್‌ನಲ್ಲಿ ಅಡಿಕೆ ಧಾರಣೆ ನೋಡಿ ನೋಡಿ ಸಾಕಾಗಿತ್ತು ಅವರಿಗೆ. ಅಲ್ಲಿನ ಲೀಡರ್, ರಿಟೈರ್ ಆದ ಒಬ್ಬ ಅಜ್ಜಿ, ಗಿಡ ತೋರಿಸಿ ಇಂಗ್ಲಿಷ್‌ನಲ್ಲಿ ಏನೋ ವಿವರಿಸುತ್ತಿದ್ದರು. ಅಪ್ಪ ಒಂದು ಗಿಡ ಕಿತ್ತು, ಬೇರು ತಿರುಗಿಸಿ ನೋಡಿ, 'ಓ, ಇದು ಇವರ ಕಾಂಗ್ರೆಸ್ ಗಿಡ' ಅಂದರು. ಮುಗೀತು. ಆಮೇಲೆ ನಾನು ಏನೂ ಹೇಳಿಕೊಡಬೇಕಾಗಲಿಲ್ಲ. ತೋಟದಲ್ಲಿ 50 ವರ್ಷ ಬಗ್ಗಿದ ಬೆನ್ನು ಅದು. ಹೈಸ್ಕೂಲ್ ಹುಡುಗರು ಒಂದು ಚೀಲ ತುಂಬುವಷ್ಟರಲ್ಲಿ ಇವರದ್ದು ನಾಲ್ಕು ಚೀಲ ಆಗಿತ್ತು. ಆ ಅಜ್ಜಿ ಬಂದು ಇವರು ಕೀಳುವ ರೀತಿಯನ್ನು ಹುಡುಗರಿಗೆ ತೋರಿಸಿದರು. ಭಾಷೆ ಬರಲ್ಲ ಅಂತ ಅಂಗಡಿಯಲ್ಲಿ ನನ್ನ ಹಿಂದೆ ಅಡಗಿಕೊಳ್ಳುವ ಮನುಷ್ಯ, ಅಲ್ಲಿ ಕೈಸನ್ನೆಯಲ್ಲೇ ಎರಡು ಗಂಟೆ ಮಾತಾಡಿದರು. ಅಮ್ಮ ಎಲೆ ಮೂಸಿ ನೋಡಿ, 'ಇದರಲ್ಲಿ ತಂಬುಳಿ ಮಾಡಬಹುದಾ ಕೇಳು' ಅಂದರು. ಕೇಳಿದೆ. ತಿನ್ನಬಹುದಂತೆ, ಅದಕ್ಕೇ ತಾನೆ ತಂದಿದ್ದು ಅಂತ ಆಕೆ ನಕ್ಕರು. ಆದರೆ ಪಾರ್ಕ್‌ನಿಂದ ಏನನ್ನೂ ಮನೆಗೆ ಒಯ್ಯುವ ಹಾಗಿಲ್ಲ, ಕಿತ್ತ ಕಳೆ ಚೀಲಕ್ಕೇ.

ಇನ್ನೊಂದು ಕೆಲಸ ಮರಕ್ಕೆ ಹಬ್ಬಿದ ಇಂಗ್ಲಿಷ್ ಐವಿ ಬಳ್ಳಿ ಕತ್ತರಿಸೋದು. ಇಡೀ ಬಳ್ಳಿ ಎಳೆಯೋದಲ್ಲ. ಕಾಲಿನ ಗಂಟಿನ ಎತ್ತರಕ್ಕೆ ಒಂದು ಸುತ್ತು, ಭುಜದ ಎತ್ತರಕ್ಕೆ ಒಂದು ಸುತ್ತು ಕತ್ತರಿಸಿ ಮಧ್ಯದ್ದನ್ನು ಮಾತ್ರ ತೆಗೆಯಬೇಕು. ಮೇಲಿನದ್ದು ತಾನಾಗಿ ಒಣಗುತ್ತದೆ. ಎಳೆದರೆ ತೊಗಟೆಯೂ ಬರುತ್ತದೆ, ಒಣಕೊಂಬೆ ತಲೆ ಮೇಲೂ ಬೀಳಬಹುದು. ಮಕ್ಕಳಿಗೆ ಇದು ತುಂಬಾ ಇಷ್ಟ.

ಇಲ್ಲಿ ನನ್ನದೊಂದು ಪೆದ್ದುತನ ಹೇಳಿಬಿಡುತ್ತೇನೆ. ಮೊದಲ ವರ್ಷ ಜೋರು ತೋರಿಸೋಕೆ ಹೋಗಿ, ಗ್ಲೌಸ್ ತೆಗೆದು, ಒಂದು ದಪ್ಪ ಬಳ್ಳಿಯನ್ನು ಬರೀ ಕೈಯಲ್ಲಿ ಎಳೆದೆ. ಅದು ಐವಿ ಅಲ್ಲ, ಪಾಯ್ಸನ್ ಐವಿ. ಎರಡು ದಿನ ಬಿಟ್ಟು ಮೊಣಕೈ ತನಕ ನೀರುಗುಳ್ಳೆ, ಎರಡು ವಾರ ರಾತ್ರಿ ನಿದ್ದೆ ಇಲ್ಲ. ಲೀಡರ್ ಬೆಳಿಗ್ಗೆಯೇ ಎಚ್ಚರಿಸಿದ್ದರು, ಕೇಳದಿದ್ದವನು ನಾನೇ. ಒಂದು ತೊಟ್ಟಿಗೆ ಮೂರು ಎಲೆ ಇದ್ದರೆ ಮುಟ್ಟಬೇಡಿ. ಎಲೆ ಇಲ್ಲದ ಬಳ್ಳಿಗೆ ಮೈತುಂಬ ಕಂದು ಕೂದಲಿನ ಹಾಗೆ ಬೇರು ಇದ್ದರೂ ಮುಟ್ಟಬೇಡಿ. ತಮಾಷೆ ಅಂದರೆ ಇದು ಇಲ್ಲಿಯದೇ ಗಿಡ, ಹಕ್ಕಿಗಳಿಗೆ ಇದರ ಹಣ್ಣು ಬೇಕು, ಹಾಗಾಗಿ ಇದನ್ನು ಯಾರೂ ಕೀಳುವುದಿಲ್ಲ. ಅಂದಹಾಗೆ ಇದು ಗೇರು, ಮಾವಿನ ಕುಟುಂಬದ್ದೇ. ಗೇರು ಸೊನೆ ತಾಗಿ ಸುಟ್ಟವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಉಣುಗು. ಇಲ್ಲಿ ಟಿಕ್ ಅನ್ನುತ್ತಾರೆ, ಲೈಮ್ ರೋಗ ಹರಡುತ್ತದೆ, ಮೇ ಜೂನ್‌ನಲ್ಲಿ ಗಸಗಸೆ ಕಾಳಿನಷ್ಟು ಚಿಕ್ಕ ಮರಿಗಳಿರುತ್ತವೆ. ನಮ್ಮಪ್ಪನಿಗೆ ಇದನ್ನು ಹೇಳಿದಾಗ ಮುಖ ಗಂಭೀರ ಆಯಿತು. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಾಣಿಸಿಕೊಂಡ ಕ್ಯಾಸನೂರು ಇರೋದು ನಮ್ಮ ಪಕ್ಕದ ಸೊರಬ ತಾಲ್ಲೂಕಿನಲ್ಲಿ. ಅಲ್ಲೂ ಉಣುಗಿಂದಲೇ ತಾನೆ. ಮಾರನೇ ಶನಿವಾರ ಹೇಳುವ ಮೊದಲೇ ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿಕೊಂಡು ರೆಡಿ ಆಗಿದ್ದರು. ನೀವೂ ಹಾಗೇ ಮಾಡಿ. ತಿಳಿ ಬಣ್ಣದ ಬಟ್ಟೆ ಹಾಕಿ. ಮನೆಗೆ ಬಂದ ತಕ್ಷಣ ಸ್ನಾನ, ಮಗಳ ಕಿವಿ ಹಿಂದೆ, ಕೂದಲ ಬುಡ, ಮೊಣಕಾಲಿನ ಹಿಂಭಾಗ ನೋಡಿ.

ಏಪ್ರಿಲ್ ಹೊತ್ತಿಗೆ ಕೆಲವು ಹುಲ್ಲುಗಾವಲು ಸುಟ್ಟು ಕಪ್ಪಾಗಿರುವುದು ಕಂಡರೆ ಗಾಬರಿ ಬೇಡ. ಚಳಿಗಾಲ ಮುಗಿಯುವಾಗ ಪಾರ್ಕ್‌ನವರೇ ಬೇಕಂತ ಹಾಕುವ ಬೆಂಕಿ ಅದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಹಾಕುತ್ತಿದ್ದರಲ್ಲ, ಅದೇ ವಿದ್ಯೆ. ಅಲ್ಲಿ ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಕಾಡೆಲ್ಲ ತುಂಬಿತು ಅಂತ ಸೋಲಿಗರು ಇವತ್ತಿಗೂ ಹೇಳುತ್ತಾರೆ. ಇಲ್ಲಿ ಅದೇ ಕೆಲಸಕ್ಕೆ ಇಲಾಖೆಯವರು ಯೂನಿಫಾರ್ಮ್ ಹಾಕಿಕೊಂಡು ಬರುತ್ತಾರೆ.

ನಿಮ್ಮಮ್ಮನಿಗೆ ಮಂಡಿ ನೋವಿದ್ದರೆ ಕಳೆ ಬೇಡ, ಹಂಟ್ಲಿ ಮೆಡೋಸ್‌ಗೆ ಕರೆದುಕೊಂಡು ಹೋಗಿ. ದೊಡ್ಡ ಜೌಗು ನೆಲ, ಮಧ್ಯೆ ಸುಮಾರು ಅರ್ಧ ಮೈಲಿ ಹಲಗೆಯ ದಾರಿ, ಏರು ತಗ್ಗು ಇಲ್ಲ. 1920ರ ದಶಕದಲ್ಲಿ ಹೆನ್ರಿ ವುಡ್‌ಹೌಸ್ ಅನ್ನುವವನು ಅಲ್ಲಿ ಜೆಪ್ಪೆಲಿನ್ ಆಕಾಶನೌಕೆ ಇಳಿಸುತ್ತೇನೆ ಅಂತ ಜಾಗ ಕೊಂಡಿದ್ದ, ಏನೂ ಆಗಲಿಲ್ಲ. ಆಮೇಲೆ ಸರ್ಕಾರದವರು ರಸ್ತೆ ಡಾಂಬರು ಪರೀಕ್ಷೆಗೆ ಬಳಸಿದರು. 1975ರಲ್ಲಿ ಕೌಂಟಿಗೆ ಬಂತು. ಈಗ ಅಲ್ಲಿ ಬೀವರ್ (ನೀರಿಗೆ ಕಟ್ಟೆ ಕಟ್ಟುವ ಪ್ರಾಣಿ), ಕೊಕ್ಕರೆ, ಆಮೆ. ಮಾರ್ಚ್ ಏಪ್ರಿಲ್ ಸಂಜೆ ಹೋದರೆ ಉಗುರಿನಷ್ಟು ಚಿಕ್ಕ ಕಪ್ಪೆಗಳು ಸಾವಿರಗಟ್ಟಲೆ ಒಟ್ಟಿಗೆ ಸೀಟಿ ಹೊಡೆಯುತ್ತವೆ. ನಮ್ಮ ಮಳೆಗಾಲದ ವಟವಟ ಅಲ್ಲ, ಗೆಜ್ಜೆ ಅಲುಗಿಸಿದ ಹಾಗೆ. ಒಂದೂ ಕಣ್ಣಿಗೆ ಬೀಳಲ್ಲ. ನಮ್ಮಮ್ಮ ಹಲಗೆ ಮೇಲೆ ಕೂತು ಫೋನಲ್ಲಿ ರೆಕಾರ್ಡ್ ಮಾಡಿ ಸಾಗರದ ನೆಂಟರಿಗೆಲ್ಲ ಕಳಿಸಿದರು. ಚಿಕ್ಕಮ್ಮ ವಾಪಸ್ ಕೇಳಿದ್ದು, 'ಅಲ್ಲೂ ಕರೆಂಟ್ ಹೋಗಿದೆಯಾ?'

ಏಪ್ರಿಲ್ ಮಧ್ಯಕ್ಕೆ ರಿವರ್‌ಬೆಂಡ್‌ನಲ್ಲಿ ಬ್ಲೂಬೆಲ್ ಹೂ. ಮೊಗ್ಗು ಗುಲಾಬಿ, ಅರಳಿದ ಮೇಲೆ ನೀಲಿ, ಹೊಳೆ ದಡ ಉದ್ದಕ್ಕೂ. ವಾರದ ದಿನ ಬೆಳಿಗ್ಗೆ ಹೋಗಿ, ಶನಿವಾರ ಪಾರ್ಕಿಂಗ್ ಸಿಗುವುದಿಲ್ಲ. ಮಗಳಿಗೆ ಹರ್ಂಡನ್‌ನ ಫ್ರೈಯಿಂಗ್ ಪ್ಯಾನ್ ಫಾರ್ಮ್ ಪಾರ್ಕ್: ಕುರಿಮರಿ, ಮೇಕೆಮರಿ, ಹಂದಿಮರಿ ಎಲ್ಲಾ ಹುಟ್ಟುವ ಕಾಲ ಇದೇ, ಒಳಗೆ ಹೋಗೋಕೆ ದುಡ್ಡಿಲ್ಲ. ಬರ್ಕ್ ಲೇಕ್‌ನಲ್ಲಿ ಪುಟ್ಟ ರೈಲಿದೆ. ಈಸ್ಟರ್ ಹೊತ್ತಿಗೆ ಮೊಟ್ಟೆ ಹುಡುಕುವ ಆಟ ಇಟ್ಟರೆ ನಿಮ್ಮಮ್ಮ ಮೈಲಿಗೆ ಅನ್ನುವ ಮೊದಲೇ ಹೇಳಿಬಿಡಿ, ಅದು ಪ್ಲಾಸ್ಟಿಕ್ ಮೊಟ್ಟೆ, ಒಳಗೆ ಚಾಕೊಲೇಟ್. ಸಮ್ಮರ್ ಕ್ಯಾಂಪ್ ಬೇಕಿದ್ದರೆ ಏಪ್ರಿಲ್ ತನಕ ಕಾಯಬೇಡಿ, ರಿಜಿಸ್ಟ್ರೇಷನ್ ಚಳಿಗಾಲದಲ್ಲೇ ಶುರುವಾಗಿ ಒಳ್ಳೆಯವೆಲ್ಲ ಬೇಗ ತುಂಬುತ್ತವೆ. ಯುಗಾದಿ ಪಿಕ್ನಿಕ್‌ಗೆ ಶೆಲ್ಟರ್ ಬುಕ್ ಮಾಡೋದೂ ಅಷ್ಟೇ.

ಕೊನೆಯದು, ತೋಟದ ಜಾಗ. ಕೌಂಟಿಯ ಕೆಲವು ಪಾರ್ಕ್‌ಗಳಲ್ಲಿ ವರ್ಷಕ್ಕಿಷ್ಟು ಅಂತ ಬಾಡಿಗೆಗೆ ಚಿಕ್ಕ ಮಡಿ ಕೊಡುತ್ತಾರೆ. ಹೆಸರು ಬರೆಸಿ ಕಾಯಬೇಕು, ಈ ವರ್ಷ ನಿಮಗೆ ಸಿಗದೇ ಇರಬಹುದು, ಆದರೂ ಇವತ್ತೇ ಬರೆಸಿ. ಸಿಕ್ಕಾಗ ಒಂದು ಮಾತು ನೆನಪಿಡಿ. ಮೆಂತ್ಯ, ಕೊತ್ತಂಬರಿ ಮಾರ್ಚ್ ಕೊನೆಗೇ ಹಾಕಬಹುದು, ಚಳಿ ತಡೆಯುತ್ತವೆ. ಅಡುಗೆಮನೆ ಡಬ್ಬಿಯ ಮೆಂತ್ಯವೇ ಸಾಕು. ಹರಿವೆ, ಬದನೆ, ಹೀರೆ ಎಲ್ಲಾ ಮೇ ಮೊದಲ ವಾರ ದಾಟಲಿ, ಅದಕ್ಕೆ ಮುಂಚೆ ಒಂದು ರಾತ್ರಿ ಹೆಪ್ಪುಗಟ್ಟುವ ಮಂಜು (ಫ್ರಾಸ್ಟ್) ಬಿದ್ದರೆ ಅಷ್ಟೂ ಕರಕಲು. ಅವರೆ ಹಾಕುವ ಆಸೆ ಹಾಸನದವರಿಗೆ ಇದ್ದೇ ಇರುತ್ತದೆ, ಆದರೆ ಊರಿನ ಹಳೇ ಅವರೆ ಹಗಲು ಗಿಡ್ಡ ಆಗುವ ತನಕ ಹೂ ಬಿಡುವುದಿಲ್ಲ. ಇಲ್ಲಿ ಅದು ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ಮತ್ತೆ ಮಂಜು. ನಾನು ಎರಡು ವರ್ಷ ಬರೀ ಬಳ್ಳಿ ಬೆಳೆಸಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು ಹಗಲಿನ ಉದ್ದ ನೋಡದೆ ಕಾಯಿ ಬಿಡುತ್ತವೆ, ಆ ಥರದ್ದು ಇಲ್ಲೇ ಯಾರ ಹತ್ತಿರವಾದರೂ ಸಿಕ್ಕರೆ ಹಾಕಿ. ನಿಮ್ಮಪ್ಪ ಮಾತ್ರ ಬೀಜವನ್ನು ಜೇಬಲ್ಲಿಟ್ಟುಕೊಂಡು ಬರುವುದು ಬೇಡ. ಕಾಗದಪತ್ರ ಇಲ್ಲದ ಬೀಜ ಏರ್‌ಪೋರ್ಟ್‌ನಲ್ಲಿ ಕಿತ್ತುಕೊಳ್ಳುತ್ತಾರೆ, ಹೇಳದೆ ತಂದಿದ್ದು ಸಿಕ್ಕಿದರೆ ದಂಡವೂ ಬೀಳಬಹುದು. ಊರಿಂದ ತರಿಸಲೇಬೇಕು ಅಂತಿದ್ದರೆ ಒಂದು ಜೊತೆ ಹಳೇ ಪ್ಯಾಂಟು, ಉದ್ದ ತೋಳಿನ ಹಳೇ ಅಂಗಿ ತರೋಕೆ ಹೇಳಿ. ಇಲ್ಲಿಗೆ ಬರುವಾಗ ಎಲ್ಲರೂ ಹೊಸಾ ಬಟ್ಟೆಯನ್ನೇ ಹೊಲಿಸಿಕೊಂಡು ಬರುತ್ತಾರೆ, ಆಮೇಲೆ ಕಳೆ ಕೀಳೋಕೆ ಹಾಕಿಕೊಳ್ಳಲು ಒಂದೂ ಇರುವುದಿಲ್ಲ.